ನವ್ಯಕವಿತೆಯನ್ನು ಓದುವ ಬಗೆ

ಪ್ರೌಢಶಾಲೆಯ ತರಗತಿಯಲ್ಲಿ ನವ್ಯಕವಿತೆಯೊಂದನ್ನು ಓದಿದೊಡನೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಇದರ ಸಾರಾಂಶವೇನು?’ ಎಂಬುದು. ಸಾರಾಂಶವನ್ನು ಬರೆಸಿಕೊಂಡು ಬಾಯಿಪಾಠ ಮಾಡಿದರೆ ಅಂಕಗಳು ದೊರೆಯಬಹುದು, ಕವಿತೆ ದೊರೆಯುವುದಿಲ್ಲ.

ಈ ಕಾವ್ಯವು ಹುಟ್ಟಿದ ಕಾಲವನ್ನು ಮೊದಲು ನೆನೆಯಬೇಕು. 1947ರಲ್ಲಿ ಸ್ವಾತಂತ್ರ್ಯ ಬಂದಿತು. ಅದರೊಡನೆ ಬರಬೇಕಾಗಿದ್ದ ಹೊಸ ಬದುಕು ಬರಲಿಲ್ಲವೆಂಬ ನಿರಾಶೆ ಸೂಕ್ಷ್ಮಮನಸ್ಸಿನವರನ್ನು ಕಾಡಿತು. ಆ ಕಹಿಯನ್ನು ನುಡಿಯಲು ನವೋದಯದ ಇಂಪಾದ ಲಯ ಸಾಲದೆಂದು ಕಂಡ ಗೋಪಾಲಕೃಷ್ಣ ಅಡಿಗರು (1918–1992) ಆಡುಮಾತಿನ ಏರಿಳಿತವನ್ನೂ ಬಿರುಸನ್ನೂ ಕವಿತೆಗೆ ತಂದರು. ಇಂಗ್ಲಿಷಿನಲ್ಲಿ ಟಿ. ಎಸ್. ಎಲಿಯಟ್ 1922ರಲ್ಲಿ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದಿಂದ ತೆರೆದ ದಾರಿಯೂ ನವ್ಯರಿಗೆ ನೆರವಾಯಿತು. ಅಡಿಗರ ‘ಚಂಡೆಮದ್ದಳೆ’ ಪ್ರಕಟವಾದದ್ದು 1954ರಲ್ಲಿ. ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮದರಾಸು ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದ್ದು ಅದರ ಹಿಂದಿನ ವರ್ಷ, 1953ರ ಅಕ್ಟೋಬರ್ 1ರಂದು. ಈ ಪ್ರದೇಶದ ಹೊಸ ಬದುಕೂ ಕನ್ನಡದ ಹೊಸ ಕಾವ್ಯವೂ ಹೀಗೆ ಓರಗೆಯವು.

ಚಂಡೆ ಕರಾವಳಿಯ ಯಕ್ಷಗಾನದ ವಾದ್ಯ. ಬಳ್ಳಾರಿಯ ವಿದ್ಯಾರ್ಥಿ ಅದನ್ನು ಕೇಳಿಲ್ಲದಿರಬಹುದು. ಆದರೆ ಬಯಲಾಟದ ಮದ್ದಳೆ ಅವನಿಗೆ ಹೊಸದಲ್ಲ. ವೇಷಧಾರಿ ರಂಗಕ್ಕೆ ಬರುವಾಗ ಮದ್ದಳೆಯ ಪೆಟ್ಟು ಎದೆಗೆ ತಾಗುವುದನ್ನು ಬಲ್ಲವನು, ಈ ಕವಿ ಜೋಗುಳ ಹಾಡಲು ಬಂದವನಲ್ಲ, ಎಚ್ಚರಿಸಲು ಬಂದವನು ಎಂಬುದನ್ನು ಹೆಸರಿನಿಂದಲೇ ಊಹಿಸಬಲ್ಲನು.

ಅಡಿಗರ ‘ಭೂತ’ ಎಂಬ ಕವಿತೆಯನ್ನು ತೆಗೆದುಕೊಳ್ಳೋಣ. ವ್ಯಾಕರಣದಲ್ಲಿ ಭೂತವೆಂದರೆ ಕಳೆದ ಕಾಲ; ಅಜ್ಜಿಯ ಕಥೆಯಲ್ಲಿ ದೆವ್ವ. ಒಂದು ಅರ್ಥವನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಕವಿತೆ ಕುಂಟುತ್ತದೆ. ಕಳೆದ ಕಾಲವೇ ಇಲ್ಲಿ ದೆವ್ವವಾಗಿ ಕಾಡುತ್ತದೆ. ಅಗೆದು, ಕರಗಿಸಿ, ಶೋಧಿಸಿದವನಿಗೆ ಅದೇ ಚಿನ್ನವೂ ಆಗುತ್ತದೆ. ಕುರುಗೋಡಿನ ವಿದ್ಯಾರ್ಥಿ ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿಯನ್ನು ನೋಡುತ್ತ ಬೆಳೆದವನು. ಹಿಂದಿನವರಿಂದ ಬಂದುದರಲ್ಲಿ ಕಾಡುವ ಭೂತವಾವುದು, ಚಿನ್ನವಾವುದು ಎಂಬ ಪ್ರಶ್ನೆ ಅವನದೂ ಹೌದು. ಸಿರುಗುಪ್ಪದ ವಿದ್ಯಾರ್ಥಿ ತುಂಗಭದ್ರೆಯ ನೀರು ಗದ್ದೆಗೆ ಹರಿದು ಭತ್ತವಾಗುವುದನ್ನು ಕಂಡವನು. ಬಾವಿಯಲ್ಲಿ ಕೊಳೆಯುವ ನೀರು ಆವಿಯಾಗಿ ಮೇಲೇರಿ, ಮಳೆಯಾಗಿ ಇಳಿದು, ಪೈರಾಗುವ ಚಿತ್ರವನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನವ್ಯಕವಿತೆಯನ್ನು ಮೂರು ಬಾರಿಯಾದರೂ ಓದಬೇಕು. ಮೊದಲು ಗಟ್ಟಿಯಾಗಿ ಓದಿ ಅದರ ನಡೆಯನ್ನು ಕೇಳಬೇಕು. ಬಳಿಕ ಮತ್ತೆ ಮತ್ತೆ ಬರುವ ಚಿತ್ರಗಳನ್ನು ಗುರುತಿಸಬೇಕು. ಕೊನೆಗೆ, ಆ ಚಿತ್ರಗಳು ನಾವು ಕಂಡ ಬದುಕನ್ನು ಎಲ್ಲಿ ಮುಟ್ಟುತ್ತವೆ ಎಂದು ಕೇಳಿಕೊಳ್ಳಬೇಕು. ಇಷ್ಟಾದರೂ ಕೆಲವು ಸಾಲುಗಳು ತಿಳಿಯದೆ ಉಳಿಯಬಹುದು. ತಿಳಿಯಲಿಲ್ಲವೆಂದು ಹೇಳಲು ನಾಚಬೇಕಾಗಿಲ್ಲ. ಇತರರ ತಿಳಿವಳಿಕೆಯನ್ನು ತನ್ನದೆಂದು ಬರೆಯಲು ನಾಚಬೇಕು.