ಹಾಟ್ ರಾಡ್ ಕಾರೂ ಹಣದ ಲೆಕ್ಕವೂ

ಸ್ವಂತ ಕೈಯಿಂದ ಮಾಡಿಕೊಂಡ ಕೆಲಸದಲ್ಲಿ ಕೂಲಿಯ ಹಣ ಉಳಿಯುತ್ತದೆಂಬುದು ನಿಜ. ಆದರೆ ಹಾಗೆ ಉಳಿದ ಕೂಲಿಯು ವಸ್ತುವನ್ನು ಮಾರುವ ದಿನ ಬೆಲೆಯ ರೂಪದಲ್ಲಿ ಕೈಸೇರುತ್ತದೆಂಬ ನಂಬಿಕೆಯು ಹಳೆಯ ಕಾರಿನ ಗೀಳು ಹತ್ತಿದ ಗೃಹಸ್ಥರನ್ನು ಸಾಲಕ್ಕೆ ನೂಕುವ ಭ್ರಾಂತಿಗಳಲ್ಲಿ ಮೊದಲನೆಯದು. ಲಾಸ್ ಏಂಜಲೀಸಿನ ಸಮೀಪದಲ್ಲಿ ನೆಲೆಸಿ, ಮನೆಯ ಗ್ಯಾರೇಜಿನಲ್ಲಿ 1931ರ ಫೋರ್ಡ್ ಮಾಡೆಲ್ ಎ ಕಾರೊಂದನ್ನು ಬಿಡುವಿನ ವೇಳೆಯಲ್ಲಿ ಜೀರ್ಣೋದ್ಧಾರ ಮಾಡುತ್ತ, ಅದರ ಖರ್ಚುವೆಚ್ಚಗಳನ್ನು ಚಾಚೂ ತಪ್ಪದೆ ಬರೆದಿಡುತ್ತ ಬಂದಿರುವ ನಾನು ಈ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿ ಕಟ್ಟುವ ಹಾಟ್ ರಾಡ್ ಹುಟ್ಟಿದ್ದೇ ಮಿತವ್ಯಯದಿಂದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹೊಸ ಕಾರು ಕೊಳ್ಳಲಾರದ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು, ಗುಜರಿಯಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಮಾಡೆಲ್ ಎ ಕಾರುಗಳ ಮಡ್‌ಗಾರ್ಡುಗಳನ್ನು ಕಳಚಿ ಭಾರವನ್ನು ಇಳಿಸಿ, 40 ಅಶ್ವಶಕ್ತಿಯ ಮೂಲ ಎಂಜಿನ್ನಿನ ಸ್ಥಾನದಲ್ಲಿ, 1932ರಲ್ಲಿ ಫೋರ್ಡ್ ಕಂಪನಿ ಹೊರತಂದ 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಕೂರಿಸಿ, ಮ್ಯೂರಾಕ್‌ನ ಒಣಗಿದ ಸರೋವರದ ಬಯಲಿನಲ್ಲಿ ಓಡಿಸಿ ಅದರ ವೇಗವನ್ನು ಪರೀಕ್ಷಿಸುತ್ತಿದ್ದರು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಮಾಸಪತ್ರಿಕೆಯೇ ಹೊರಟಿತು. ಇಂದು ಆ ಗುಜರಿಯ ಸರಕೇ ಪುರಾತನ ವಸ್ತುವೆನಿಸಿ, ಬಡವರ ವಿನೋದವಾಗಿದ್ದುದು ಉಳ್ಳವರ ವ್ಯಸನವಾಗಿ ಪರಿಣಮಿಸಿದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಾರಿಗೂ ಸಾಮಗ್ರಿಗೂ 25,000 ಡಾಲರು ತಗುಲಿ, 1,000 ಗಂಟೆಗಳ ಸ್ವಂತ ದುಡಿಮೆ ಸಂದು, ಕೊನೆಗೆ 30,000 ಡಾಲರಿಗೆ ಅದು ಮಾರಿಹೋದರೆ, ನೋಡುವವರಿಗೆ 5,000 ಡಾಲರಿನ ಲಾಭ ಕಾಣುತ್ತದೆ. ಭಾಗಿಸಿ ನೋಡಿದರೆ ಗಂಟೆಗೆ 5 ಡಾಲರು. 2024ರಲ್ಲಿ ಕ್ಯಾಲಿಫೋರ್ನಿಯದ ಕನಿಷ್ಠ ವೇತನವೇ ಗಂಟೆಗೆ 16 ಡಾಲರು ಇದ್ದಿತು. ತೆರಿಗೆಯ ನ್ಯಾಯವೂ ಇದೇ ಬಗೆಯದು: ಬಿಡಿಭಾಗಗಳ ರಸೀತಿಯನ್ನು ಅಸಲಿಗೆ ಸೇರಿಸಬಹುದು, ಸ್ವಂತ ಬೆವರಿನ ಬೆಲೆಯನ್ನು ಸೇರಿಸುವಂತಿಲ್ಲ, ಲಾಭ ಬಂದರೆ ಸರ್ಕಾರಕ್ಕೆ ಪಾಲುಂಟು, ಸ್ವಂತ ಬಳಕೆಯ ವಾಹನದಲ್ಲಿ ನಷ್ಟವಾದರೆ ಅದನ್ನು ಆದಾಯದಲ್ಲಿ ಕಳೆಯಲು ಅವಕಾಶವಿಲ್ಲ.

ಹಾಗಾದರೆ ಕೈಯಿಂದ ಮಾಡುವುದೇತಕ್ಕೆ? ಆ ಗಂಟೆಗಳ ಸುಖವನ್ನು ಅಲ್ಲಿಯೇ ಅನುಭವಿಸಿ ಮುಗಿಸಬಹುದೆಂಬುದಕ್ಕೆ. ತುಕ್ಕು ತಿಂದ ಬಾಗಿಲಿನ ತಳವನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಸುತ್ತಿಗೆಯಿಂದ ತಟ್ಟಿ ಬಾಗಿಸಿ, ಒಂದೇ ಕಡೆ ಕಾವು ಕೂಡಿ ಅದು ಸೊಟ್ಟಗಾಗದಂತೆ ದೂರದೂರಕ್ಕೆ ಚುಕ್ಕೆಯಿಟ್ಟು ವೆಲ್ಡ್ ಮಾಡಿ, ಮೇಲೆ ತವರದ ಕಲಾಯಿ ಹಿಡಿಸಿ, 70 ಪಾಲು ಸೀಸ 30 ಪಾಲು ತವರ ಬೆರೆತ ಕಡ್ಡಿಗೆ ಉರಿ ತೋರಿದರೆ, ಸುಮಾರು 183 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಅದು ಮೆತ್ತಗಾಗಿ, ನೀರಾಗಿ ಹರಿಯುವುದಕ್ಕೆ ಮುಂಚಿನ ಹದದಲ್ಲಿ, ಜೇನುಮೇಣ ಸವರಿದ ಮರದ ಹಲಗೆಯಿಂದ ಒತ್ತಿ ಹರಡಲು ಒದಗುತ್ತದೆ. ಆರಿದ ಮೇಲೆ ಅರದಿಂದಲೇ ತೀಡಬೇಕು. ಸೀಸದ ಧೂಳು ವಿಷವಾದುದರಿಂದ ಉಪ್ಪುಕಾಗದ ಹಿಡಿದು ಉಜ್ಜತಕ್ಕದ್ದಲ್ಲ. ಮೇಲಾಗಿ ಈ ಕೆಲಸ ಕೆಟ್ಟರೆ ಮತ್ತೆ ಕಾಯಿಸಿ ತೆಗೆದು ಪುನಃ ಹಚ್ಚಬಹುದು.

ತಿದ್ದಿಕೊಳ್ಳಲು ಬರುವ ಕೆಲಸಕ್ಕೆ ಸ್ವಂತ ಕೈ, ತಿದ್ದಿಕೊಳ್ಳಲು ಬಾರದ ಕೆಲಸಕ್ಕೆ ಹಣ: ನಾನು ಅನುಸರಿಸುತ್ತಿರುವ ನಿಯಮವಿಷ್ಟೆ. ಆ ಕಾಲದ ಫೋರ್ಡ್ ವಿ-8 ಎಂಜಿನ್ನಿನಲ್ಲಿ ಕವಾಟಗಳು ಬ್ಲಾಕಿನಲ್ಲಿಯೇ ಇದ್ದು, ಉರಿದ ಅನಿಲವೂ ಬ್ಲಾಕಿನ ಒಳಗಿನಿಂದಲೇ ಹಾಯ್ದು ಹೊರಬೀಳುವುದರಿಂದ, ಅದು ಕಾದು ಬಿರುಕು ಬಿಡುವುದು ಬಹು ಸಾಮಾನ್ಯ. ಆದಕಾರಣ ಪೊಮೋನಾದ ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗದೆ, ಕಾಂತೀಯ ಪರೀಕ್ಷೆಯಿಂದ ಬಿರುಕಿಲ್ಲವೆಂದು ಖಚಿತಪಡಿಸಿಕೊಂಡ ಬ್ಲಾಕಿಗೇ ಹೆಚ್ಚು ಹಣ ತೆರುವುದು ಮಿತವ್ಯಯ. ಬ್ರೇಕು, ಸ್ಟಿಯರಿಂಗುಗಳಿಗೂ ಇದೇ ಮಾತು ಸಲ್ಲುತ್ತದೆ. ತಾಮ್ರ, ನಿಕಲ್, ಕ್ರೋಮಿಯಮ್ಮುಗಳ ಮೂರು ಲೇಪ ಕೇಳುವ ಥಳುಕಿನ ಕೆಲಸಗಳು ಎಲ್ಲಕ್ಕಿಂತ ಕೊನೆಗೆ ಬರಲಿ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ನಿಜಮಾಡಿರುವ ಅರೆಬರೆ ಕಾರುಗಳು ಆ ಸಂತೆಯಲ್ಲಿ ಎಷ್ಟಾದರೂ ಮಾರಾಟಕ್ಕೆ ನಿಂತಿರುತ್ತವೆ.

ಮಾರ್ಪಾಡಿನ ವಿಷಯದಲ್ಲಿ ಇನ್ನಷ್ಟು ವಿವೇಕ ಬೇಕು. ಮೂಲಸ್ಥಿತಿಗೆ ತಂದ ಕಾರಿನ ಬೆಲೆ ಕಟ್ಟಲು ಅಂಥವೇ ಬೇರೆ ಕಾರುಗಳ ಆಧಾರವಿರುತ್ತದೆ. ಕಂಬಗಳನ್ನು ಕುಯ್ದು ಛಾವಣಿಯನ್ನು ತಗ್ಗಿಸಿದ ಕಾರಿಗೆ ಒಡೆಯನ ಅಭಿರುಚಿಯೇ ಆಧಾರ, ಆ ಅಭಿರುಚಿಯುಳ್ಳ ಮತ್ತೊಬ್ಬನು ದೊರೆತರಷ್ಟೇ ಗಿರಾಕಿ. ಆದುದರಿಂದ ಕತ್ತರಿ ಹಾಕುವ ಆಸೆಯುಳ್ಳವರು ಅಖಂಡವಾಗಿ ಉಳಿದುಬಂದ ಕಾರನ್ನು ಬಿಟ್ಟು, ಆಗಲೇ ಹಾಳಾಗಿರುವುದನ್ನು ಆರಿಸಿಕೊಳ್ಳುವುದು ಲೇಸು. ವಿಮೆಯನ್ನು ಮಾತ್ರ, ಸವಕಳಿ ಕಳೆದು ಕೊಡುವ ಸಾಮಾನ್ಯ ಪಾಲಿಸಿಯ ಬದಲು, ಬೆಲೆಯನ್ನು ಮೊದಲೇ ಗೊತ್ತುಪಡಿಸಿಕೊಳ್ಳುವ ಬಗೆಯದಾಗಿ ಮಾಡಿಸಬೇಕು.

ನಮ್ಮ ಮನೆಯ ಆಸ್ತಿಪಟ್ಟಿಯಲ್ಲಿ ಈ ಕಾರು ಇಲ್ಲ. ಪ್ರವಾಸ, ಸಂಗೀತ ಕಚೇರಿಗಳ ಖರ್ಚಿನ ಸಾಲಿನಲ್ಲಿ ಅದಕ್ಕೆ ಸ್ಥಾನ. ತಿಂಗಳಿಗಿಷ್ಟೆಂದು ಗೊತ್ತುಮಾಡಿದ ಹಣ ಬೇರೊಂದು ಖಾತೆಗೆ ಸೇರುತ್ತದೆ, ಕ್ರೆಡಿಟ್ ಕಾರ್ಡಿಗೆ ಗ್ಯಾರೇಜಿನೊಳಗೆ ಪ್ರವೇಶವಿಲ್ಲ. ಖಾತೆ ಬರಿದಾದ ತಿಂಗಳು ಕೊಳ್ಳುವುದು ನಿಲ್ಲುತ್ತದೆಯೇ ಹೊರತು ಕೆಲಸವಲ್ಲ; ತುಕ್ಕು ಕೆರೆಯುವುದಕ್ಕೂ ತಗಡು ತಟ್ಟುವುದಕ್ಕೂ ಯಾವ ಬ್ಯಾಂಕಿನ ಅಪ್ಪಣೆಯೂ ಬೇಕಾಗಿಲ್ಲ.