ಉಪವಾಸವೂ ಲಂಘನವೂ

ಹಾಸನ ತಾಲ್ಲೂಕಿನ ಮೊಸಳೆ ಗ್ರಾಮದಲ್ಲಿ ಹೊಯ್ಸಳರ ಕಾಲದ ಎರಡು ದೇವಾಲಯಗಳು ಪಕ್ಕಪಕ್ಕದಲ್ಲಿಯೇ ನಿಂತಿವೆ. ಒಂದು ನಾಗೇಶ್ವರನದು, ಮತ್ತೊಂದು ಚೆನ್ನಕೇಶವನದು. ಶಿಲ್ಪವನ್ನು ಬಲ್ಲವರ ಮಾತು ಬೇರೆ. ಸಾಮಾನ್ಯರು ದೂರದಿಂದ ನೋಡಿದರೆ ಎರಡೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಕಾಣುತ್ತವೆ. ಯಾವುದು ಯಾರ ಗುಡಿಯೆಂದು ತಿಳಿಯಬೇಕಾದರೆ ಗರ್ಭಗೃಹದ ಬಾಗಿಲವರೆಗೆ ಹೋಗಬೇಕು. ಅನ್ನವನ್ನು ಬಿಡುವುದರಲ್ಲಿಯೂ ಇಂತಹುದೇ ಒಂದು ಜೋಡಿಯುಂಟು. ಕರ್ಮನಿರ್ಜರೆಗಾಗಿ ಊಟ ಬಿಟ್ಟವನ ಹೊಟ್ಟೆಯೂ ಬರಿದು, ತೂಕ ಇಳಿಸಲೆಂದು ಊಟ ಬಿಟ್ಟವನ ಹೊಟ್ಟೆಯೂ ಬರಿದು. ಹೊರಗಿನ ಗೋಡೆ ಒಂದೇ, ಒಳಗಿರುವುದು ಬೇರೆ. ಈ ಭೇದವನ್ನು ತಿಳಿಯದೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಆಚರಿಸಿದರೆ ಎರಡೂ ಕೆಡುತ್ತವೆ.

ಒಂದು ಮನೆಯ ಉದಾಹರಣೆ

ಮೊಸಳೆಯ ಕಡೆಯಿಂದ ಹಾಸನಕ್ಕೆ ದಿನವೂ ಕೆಲಸಕ್ಕೆ ಹೋಗಿಬರುವ ಒಬ್ಬ ಶ್ರಾವಕನಿದ್ದಾನೆಂದು ಇಟ್ಟುಕೊಳ್ಳಬಹುದು. ವಯಸ್ಸು ನಲವತ್ತೈದು, ದೇಹ ಸ್ಥೂಲವಾಗಿದೆ, ಹತ್ತು ಕಿಲೋ ಇಳಿಸಬೇಕೆಂದು ವೈದ್ಯರ ಸಲಹೆ. ದಿನಕ್ಕೆ 16 ಗಂಟೆ ಏನನ್ನೂ ತಿನ್ನದೆ ಉಳಿದ 8 ಗಂಟೆಗಳಲ್ಲಿ ಮಾತ್ರ ಉಣ್ಣುವ ಕ್ರಮವನ್ನು ಸಹೋದ್ಯೋಗಿಯೊಬ್ಬನು ತಿಳಿಸಿದನು. ಅದರಂತೆ ಇವನು ಬೆಳಗಿನ ತಿಂಡಿಯನ್ನು ಬಿಟ್ಟನು. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಊಟ, ರಾತ್ರಿ ಎಂಟರ ಒಳಗೆ ಇನ್ನೊಂದು ಊಟ. ಅಲ್ಲಿಯವರೆಗೆ ಆ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯುತ್ತಿತ್ತು. ತಂದೆಯ ಕಾಲದಿಂದ ನಡೆದುಬಂದ ರಾತ್ರಿಭೋಜನತ್ಯಾಗವು ಹೀಗೆ ಸದ್ದಿಲ್ಲದೆ ಹೋಯಿತು.

ಅಷ್ಟಮಿ ಬಂತು. ‘ಹೇಗೂ ಉಪವಾಸ ಮಾಡುತ್ತಿದ್ದೇನೆ, ಪರ್ವದ ಹೆಸರಿನಲ್ಲಿಯೇ ಆಗಲಿ’ ಎಂದು ಬಸದಿಯಲ್ಲಿ ಜಿನಬಿಂಬದ ಮುಂದೆ ನಿಯಮವನ್ನು ತೆಗೆದುಕೊಂಡನು. ನವಮಿಯ ಬೆಳಿಗ್ಗೆ ದೇವರ ದರ್ಶನಕ್ಕೆ ಮೊದಲು ತೂಕದ ಯಂತ್ರದ ಮೇಲೆ ನಿಂತನು. ಒಂದೂಕಾಲು ಕಿಲೋ ಇಳಿದಿತ್ತು, ಹಿಗ್ಗಿದನು. ಪಾರಣೆಯಾಗಿ ಎರಡು ದಿನ ಕಳೆಯುವಷ್ಟರಲ್ಲಿ ಅದು ಮರಳಿ ಬಂದಿತ್ತು. ಮೂರು ಪರ್ವಗಳು ಹೀಗೆಯೇ ಕಳೆದ ಮೇಲೆ, ‘ಈ ವ್ರತದಿಂದ ಏನೂ ಪ್ರಯೋಜನವಾಗಲಿಲ್ಲ’ ಎಂದು ಬಿಟ್ಟುಬಿಟ್ಟನು. ಇತ್ತ ಅವನ ವೃದ್ಧ ತಾಯಿಗೆ ಸಕ್ಕರೆಯ ಕಾಯಿಲೆ. ಮಗನು ಮಾಡುವಾಗ ತಾನು ಹಿಂಜರಿಯಬಾರದೆಂದು ಆಕೆಯೂ ಅಷ್ಟಮಿಯಂದು ನೀರನ್ನೂ ಮುಟ್ಟಲಿಲ್ಲ. ಆದರೆ ಮಾತ್ರೆಯನ್ನು ಮಾತ್ರ ನುಂಗಿದಳು. ನಸುಕಿನಲ್ಲಿ ಮೈ ಬೆವರಿ, ಕೈಕಾಲು ನಡುಗಿ, ಮಾತು ತೊದಲಿತು.

ಈ ಮನೆಯಲ್ಲಿ ಹೋದುದು ಏನೇನು? ನಿತ್ಯನಿಯಮವೊಂದು ಹೋಯಿತು, ವ್ರತದ ಮೇಲಿನ ಶ್ರದ್ಧೆ ಹೋಯಿತು, ಒಂದು ಜೀವವೇ ಹೋಗುವುದರಲ್ಲಿತ್ತು. ಇವೆಲ್ಲಕ್ಕೂ ಮೂಲ ಒಂದೇ: ಲಂಘನವನ್ನು ಉಪವಾಸವೆಂದು ಕರೆದುದು.

ಶಾಸ್ತ್ರದ ನಿರ್ಣಯ

ಎಲ್ಲಿ ಕಷಾಯ, ಇಂದ್ರಿಯವಿಷಯ ಮತ್ತು ಆಹಾರ ಈ ಮೂರನ್ನೂ ಬಿಡಲಾಗುವುದೋ ಅದು ಉಪವಾಸ, ಆಹಾರವನ್ನು ಮಾತ್ರ ಬಿಟ್ಟರೆ ಅದು ಲಂಘನ ಎಂದು ಪೂರ್ವಾಚಾರ್ಯರು ಸ್ಪಷ್ಟವಾಗಿ ವಿಂಗಡಿಸಿದ್ದಾರೆ. ಲಂಘನವೆಂಬುದು ನಿಂದೆಯ ಮಾತಲ್ಲ. ಅದು ವೈದ್ಯಶಾಸ್ತ್ರದ ಪದ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತು ವಿಧದ ಲಂಘನಗಳನ್ನು ಹೇಳಿದೆ. ಅನ್ನವನ್ನು ಬಿಡುವುದು ಅವುಗಳಲ್ಲಿ ಒಂದು, ವ್ಯಾಯಾಮವು ಇನ್ನೊಂದು. ದೇಹವನ್ನು ಹಗುರಮಾಡುವುದೇ ಅದರ ಗುರಿ. ಆ ಗುರಿಯಲ್ಲಿ ದೋಷವಿಲ್ಲ.

ಉಪವಾಸದ ಗುರಿ ಬೇರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಆರು ಬಾಹ್ಯತಪಸ್ಸುಗಳಲ್ಲಿ ಅನಶನವು ಮೊದಲನೆಯದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದನ್ನು ವಿವರಿಸುವಾಗ, ಕಣ್ಣಿಗೆ ಕಾಣುವ ಫಲದ ಅಪೇಕ್ಷೆಯಿಲ್ಲದೆ, ಸಂಯಮದ ಸಿದ್ಧಿ, ರಾಗದ ಉಚ್ಛೇದ, ಕರ್ಮದ ನಾಶ, ಧ್ಯಾನ ಮತ್ತು ಆಗಮದ ಪ್ರಾಪ್ತಿ ಇವುಗಳಿಗಾಗಿ ಅನಶನವೆಂದು ತಿಳಿಸುತ್ತಾರೆ. ತೂಕದ ಯಂತ್ರದ ಮುಳ್ಳು ತೋರಿಸುವುದು ಕಣ್ಣಿಗೆ ಕಾಣುವ ಫಲವಲ್ಲದೆ ಮತ್ತೇನು? ಅದನ್ನು ಅಪೇಕ್ಷಿಸಿದವನು ವ್ರತದ ಹೊಸ್ತಿಲಲ್ಲಿಯೇ ನಿಂತಂತಾಯಿತು.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಪ್ರೋಷಧೋಪವಾಸದ ವಿಧಿಯನ್ನು ಹೇಳುತ್ತ, ಆ ದಿನ ಪಂಚಪಾಪಗಳ ಜೊತೆಗೆ ಅಲಂಕಾರ, ಗಂಧ, ಪುಷ್ಪ, ಸ್ನಾನ, ಕಾಡಿಗೆಗಳನ್ನೂ ಬಿಡಬೇಕೆನ್ನುತ್ತಾರೆ. ಮೈಯ ಅಂದದ ಕಡೆಗೆ ಮನಸ್ಸು ಹರಿಯಬಾರದೆಂಬುದು ಇದರ ತಾತ್ಪರ್ಯ. ಹಾಗಿರುವಾಗ ಮೈಯ ಅಂದಕ್ಕಾಗಿಯೇ ಆ ದಿನದ ಅನ್ನವನ್ನು ಬಿಡುವುದು ವಿಧಿಯನ್ನು ತಲೆಕೆಳಗು ಮಾಡಿದಂತೆ. ಈ ವ್ರತದ ಐದು ಅತಿಚಾರಗಳಲ್ಲಿ ಅನಾದರವೂ ವಿಸ್ಮರಣೆಯೂ ಸೇರಿವೆ. ಗಡಿಯಾರವನ್ನು ಮಾತ್ರ ನೆನೆಯುತ್ತ ಸಾಮಾಯಿಕವನ್ನೂ ಸ್ವಾಧ್ಯಾಯವನ್ನೂ ಮರೆತವನಿಗೆ ಇವೆರಡೂ ತಗಲುತ್ತವೆ.

ದೇಹದ ಲೆಕ್ಕ

ವ್ರತದ ಫಲವನ್ನು ಯಂತ್ರದಲ್ಲಿ ಅಳೆಯಬಾರದೆಂಬುದು ಶಾಸ್ತ್ರದ ಮಾತಾಯಿತು. ಅಳೆದರೂ ಲೆಕ್ಕ ತಪ್ಪುವುದೆಂಬುದನ್ನು ಈಗ ನೋಡಬಹುದು. ಊಟ ನಿಂತೊಡನೆ ದೇಹವು ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು ಬಳಸುತ್ತದೆ. ಇದು ಸುಮಾರು 100 ಗ್ರಾಂ. ಒಂದು ದಿನದ ಆಸುಪಾಸಿನಲ್ಲಿ ಬಹುಪಾಲು ಮುಗಿಯುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಇರುವುದರಿಂದ ಆ ನೀರೂ ಹೊರಟುಹೋಗುತ್ತದೆ. ನವಮಿಯ ಬೆಳಿಗ್ಗೆ ಇಳಿದಂತೆ ಕಂಡ ತೂಕದಲ್ಲಿ ಹೆಚ್ಚಿನದು ನೀರು. ಪಾರಣೆಯಾದೊಡನೆ ಅದು ಮರಳಿ ಬರುವುದು ಸಹಜ.

ಕೊಬ್ಬಿನ ಲೆಕ್ಕವು ಬೇರೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಶಕ್ತಿಯುಂಟು. ಸಾಧಾರಣ ಕೆಲಸ ಮಾಡುವವನಿಗೆ ದಿನಕ್ಕೆ ಸುಮಾರು 2,000 ಕಿಲೊಕ್ಯಾಲರಿ ಬೇಕೆಂದು ಹಿಡಿದರೆ, ಪೂರ್ತಿ ಒಂದು ದಿನ ಉಣ್ಣದಿದ್ದರೂ ಕರಗಬಹುದಾದ ಕೊಬ್ಬು ಕಾಲು ಕಿಲೋ ಮಾತ್ರ. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ನಾಲ್ಕು ಉಪವಾಸಗಳಿಗೆ ಹೆಚ್ಚೆಂದರೆ ಒಂದು ಕಿಲೋ. ಅದೂ ಹಿಂದುಮುಂದಿನ ದಿನಗಳಲ್ಲಿ ಹೆಚ್ಚು ಉಣ್ಣದಿದ್ದರೆ.

ಇಲ್ಲಿ ಆಚಾರ್ಯರ ದೂರದೃಷ್ಟಿಯನ್ನು ಗಮನಿಸಬೇಕು. ಉತ್ತಮ ಪ್ರೋಷಧೋಪವಾಸವು ಹದಿನಾರು ಪ್ರಹರಗಳದು, ಎಂದರೆ 48 ಗಂಟೆಗಳದು. ಸಪ್ತಮಿಯ ಮಧ್ಯಾಹ್ನದ ಧಾರಣೆಯಿಂದ ನವಮಿಯ ಮಧ್ಯಾಹ್ನದ ಪಾರಣೆಯವರೆಗೆ ಅದರ ಅವಧಿ. ಧಾರಣೆಯ ದಿನವೂ ಏಕಭುಕ್ತ, ಪಾರಣೆಯ ದಿನವೂ ಏಕಭುಕ್ತ. ‘ನಾಳೆ ಉಪವಾಸ’ವೆಂದು ಇಂದು ಹೋಳಿಗೆ ಮಾಡುವುದಕ್ಕೂ, ‘ನಿನ್ನೆ ಉಪವಾಸ’ವಾಯಿತೆಂದು ಇಂದು ಬಾಳೆಲೆ ತುಂಬಿಸುವುದಕ್ಕೂ ಎಡೆಯೇ ಇಲ್ಲ. ತೂಕಕ್ಕಾಗಿ ಉಪವಾಸ ಮಾಡುವವರು ಸಾಮಾನ್ಯವಾಗಿ ಎಡವುವುದು ಈ ಎರಡು ಅಂಚುಗಳಲ್ಲಿಯೇ.

ಇತ್ತೀಚಿನ ಪರೀಕ್ಷೆಗಳು

ವಿದೇಶಗಳ ವೈದ್ಯರು ಈ ಕ್ರಮವನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 116 ಜನರನ್ನು ಎರಡು ಪಂಗಡ ಮಾಡಿ 12 ವಾರ ನೋಡಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಪಂಗಡದವರು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಉಂಡರು. ಮತ್ತೊಂದು ಪಂಗಡದವರು ಎಂದಿನಂತೆ ಮೂರು ಹೊತ್ತು ಉಂಡರು. ಮೊದಲನೆಯವರ ತೂಕ ಸರಾಸರಿ 0.94 ಕಿಲೋ ಇಳಿಯಿತು; ಎರಡನೆಯವರದು 0.68 ಕಿಲೋ. ಇದು ಲೆಕ್ಕಕ್ಕೆ ಹಿಡಿಯುವಂತಹ ಅಂತರವಲ್ಲವೆಂದು ಅವರೇ ಹೇಳಿದರು. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯರನ್ನು ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಅಲ್ಲಿ ಎಲ್ಲರಿಗೂ ಮಿತಾಹಾರ. ಅರ್ಧ ಜನರಿಗೆ ಅದರ ಮೇಲೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ಕಾಲನಿಯಮ. ಕಾಲನಿಯಮವಿದ್ದವರು 8.0 ಕಿಲೋ, ಇಲ್ಲದವರು 6.3 ಕಿಲೋ ಇಳಿದರು. ಈ ಅಂತರವೂ ನಿಶ್ಚಿತವೆನ್ನುವಷ್ಟಿರಲಿಲ್ಲ. ತೂಕವನ್ನು ಮುಖ್ಯವಾಗಿ ಇಳಿಸಿದುದು ಗಡಿಯಾರವಲ್ಲ, ತಟ್ಟೆಯಲ್ಲಿ ಕಡಿಮೆಯಾದ ಅನ್ನ.

ಆದರೆ ಯಾವ ಹೊತ್ತಿನಲ್ಲಿ ಉಣ್ಣುವುದೆಂಬುದು ನಿರರ್ಥಕವಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಎಂಟು ಗಂಡಸರಿಗೆ ಐದು ವಾರ ಮಧ್ಯಾಹ್ನ ಮೂರಕ್ಕೆ ಮುಂಚೆ ದಿನದ ಊಟವನ್ನೆಲ್ಲ ಮುಗಿಸುವಂತೆ ಮಾಡಿದ ಪರೀಕ್ಷೆಯೊಂದು 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ತೂಕವು ಹೆಚ್ಚು ಇಳಿಯದಿದ್ದರೂ ಅವರ ದೇಹವು ಇನ್ಸುಲಿನ್ನಿಗೆ ಸ್ಪಂದಿಸುವುದು ಸುಧಾರಿಸಿತು. ರಕ್ತದ ಒತ್ತಡ ತಗ್ಗಿತು. ಎಂಟೇ ಜನರ ಪರೀಕ್ಷೆಯಾದುದರಿಂದ ಅದರ ಮೇಲೆ ಬಹಳ ಭಾರ ಹೇರಬಾರದು. ಆದರೂ ಹಗಲೂಟವನ್ನು ಬಿಟ್ಟು ರಾತ್ರಿಯೂಟವನ್ನು ಹಿಡಿದ ಶ್ರಾವಕನು ಯೋಚಿಸತಕ್ಕ ವಿಷಯವಿದು. ಅವನ ಮನೆಯಲ್ಲಿ ಕಾಲನಿಯಮವು ಮೊದಲೇ ಇತ್ತು. ಸೂರ್ಯೋದಯವಾಗಿ ಎರಡು ಘಳಿಗೆ, ಎಂದರೆ 48 ನಿಮಿಷ ಕಳೆದ ಮೇಲೆ ಉಣ್ಣಲಾರಂಭಿಸಿ, ಸೂರ್ಯಾಸ್ತಕ್ಕೆ ಎರಡು ಘಳಿಗೆ ಇರುವಾಗಲೇ ಮುಗಿಸುವವನಿಗೆ ಹಾಸನದ ಸೀಮೆಯಲ್ಲಿ ದಿನವೂ ಸುಮಾರು ಹದಿಮೂರು ಗಂಟೆಗಳ ನಿರಾಹಾರವು ತಾನಾಗಿಯೇ ಆಗುತ್ತದೆ. ಆದರೆ ಆ ನಿಯಮವಿರುವುದು ಅಹಿಂಸೆಗಾಗಿ. ಆರೋಗ್ಯವು ಅದರ ಜೊತೆಯಲ್ಲಿ ಬಂದರೆ ಬರಲಿ.

ತೂಕ ಇಳಿಸಬೇಕಾದವನಿಗೆ ದಾರಿ

ಹಾಗಾದರೆ ಸ್ಥೂಲದೇಹದ ಶ್ರಾವಕನಿಗೆ ಶಾಸ್ತ್ರದಲ್ಲಿ ದಾರಿಯಿಲ್ಲವೇ? ಉಂಟು. ಅನಶನದ ಪಕ್ಕದಲ್ಲಿಯೇ ಅವಮೋದರ್ಯವಿದೆ. ಹೊಟ್ಟೆ ತುಂಬುವುದಕ್ಕೆ ಮುಂಚೆ ಕೈತೊಳೆಯುವುದೇ ಅದರ ಅರ್ಥ. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಯದು ಇಪ್ಪತ್ತೆಂಟು ತುತ್ತು ಎಂದು ಭಗವತೀ ಆರಾಧನೆಯಲ್ಲಿ ಪ್ರಮಾಣ ಹೇಳಿದೆ. ಅದಕ್ಕಿಂತ ಒಂದು ತುತ್ತು ಕಡಿಮೆಯಾದರೂ ಅವಮೋದರ್ಯವೇ. ಪೂಜ್ಯಪಾದರು ಈ ತಪಸ್ಸಿನ ಪ್ರಯೋಜನಗಳಲ್ಲಿ ಸಂಯಮದ ಎಚ್ಚರ, ಸಂತೋಷ, ಸ್ವಾಧ್ಯಾಯದ ಸುಖ ಇವುಗಳ ಜೊತೆಗೆ ದೋಷಗಳ ಶಮನವನ್ನೂ ಎಣಿಸಿದ್ದಾರೆ. ಮೂರು ಮುದ್ದೆಯ ಕಡೆ ಎರಡು, ಎರಡನೆಯ ಸಲದ ಅನ್ನಕ್ಕೆ ‘ಸಾಕು’ ಎಂಬ ಮಾತು, ತುಪ್ಪ ಸಿಹಿಗಳಲ್ಲಿ ರಸಪರಿತ್ಯಾಗ, ದಿನಕ್ಕೊಂದು ಹರದಾರಿ ನಡಿಗೆ. ಇದು ಪರ್ವಕ್ಕೊಮ್ಮೆ ಆಗುವುದಲ್ಲ, ದಿನವೂ ಆಗಬೇಕಾದುದು. ಮುಂದೆ ತಟ್ಟೆ ಇರುವಾಗ ತುತ್ತನ್ನು ಬಿಡುವುದು, ತಟ್ಟೆಯೇ ಇಲ್ಲದಿರುವಾಗ ಹಸಿದಿರುವುದಕ್ಕಿಂತ ಅನೇಕರಿಗೆ ಕಷ್ಟ.

ಶಕ್ತಿಯನ್ನು ಅರಿತು

ಹದಿನಾರು ಭಾವನೆಗಳಲ್ಲಿ ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು ಎಂದಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಜಾತಿಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೂತ್ರಪಿಂಡದ ರೋಗವುಳ್ಳವರೂ, ಮೂತ್ರ ಹೆಚ್ಚಿಸುವ ಔಷಧ ಸೇವಿಸುವವರೂ ನೀರನ್ನು ಬಿಡುವುದು ಗಂಡಾಂತರಕರ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕೃಶರಾದ ವೃದ್ಧರು ಇವರಿಗೆ ತೂಕಕ್ಕಾಗಿ ಮಾಡುವ ಲಂಘನವು ಸಲ್ಲದು. ರೋಗಿಗಳು ಪರ್ವಕ್ಕೆ ಮೊದಲೇ ವೈದ್ಯರನ್ನು ಕೇಳಿ ಔಷಧದ ಕ್ರಮವನ್ನು ಗೊತ್ತುಮಾಡಿಕೊಳ್ಳಬೇಕು. ಬೆವರು, ನಡುಕ, ಮಂಕು ಕಂಡೊಡನೆ ಸಕ್ಕರೆಯ ನೀರನ್ನು ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗೆಂದು ಇವರಿಗೆ ಪರ್ವವು ಇಲ್ಲವಾಗುವುದಿಲ್ಲ. ಪೂರ್ಣ ಉಪವಾಸಕ್ಕೆ ಅಶಕ್ತನಾದವನು ನೀರನ್ನು ಮಾತ್ರ ಸೇವಿಸುವ ಅನುಪವಾಸವನ್ನೂ, ಅದಕ್ಕೂ ಅಶಕ್ತನಾದವನು ರಸವಿಲ್ಲದ ಸಾದಾ ಆಹಾರವನ್ನೂ ಕೈಕೊಳ್ಳಬಹುದೆಂದು ಸಾಗಾರಧರ್ಮಾಮೃತದಲ್ಲಿ ಆಶಾಧರರು ಮೆಟ್ಟಿಲುಗಳನ್ನು ಇಟ್ಟಿದ್ದಾರೆ. ಆ ತಾಯಿಯು ವೈದ್ಯರು ಹೇಳಿದ ಹೊತ್ತಿಗೆ ಗಂಜಿ ಕುಡಿದು, ಉಪ್ಪು ಸಿಹಿಗಳ ರುಚಿಯನ್ನು ಬಿಟ್ಟು, ಯಾರ ಮೇಲೂ ಸಿಡುಕದೆ ಜಪದಲ್ಲಿ ದಿನ ಕಳೆದಿದ್ದರೆ ಅವಳ ಅಷ್ಟಮಿಯು ಮಗನ ಅಷ್ಟಮಿಗಿಂತ ಉಪವಾಸಕ್ಕೆ ಹತ್ತಿರವಾಗುತ್ತಿತ್ತು.

ಎರಡು ಲೆಕ್ಕ

ಆದುದರಿಂದ ಗೃಹಸ್ಥನು ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಡತಕ್ಕುದು. ತೂಕಕ್ಕಾಗಿ ಊಟ ಬಿಡುವುದಾದರೆ ಅದನ್ನು ಲಂಘನವೆಂದು ಪ್ರಾಮಾಣಿಕವಾಗಿ ಕರೆದು, ವೈದ್ಯರ ಮಾತಿನಂತೆ, ರಾತ್ರಿಭೋಜನತ್ಯಾಗಕ್ಕೆ ಭಂಗಬಾರದಂತೆ ಮಾಡಲಿ. ಯಂತ್ರದ ಮೇಲೆ ವಾರಕ್ಕೊಮ್ಮೆ ನಿಲ್ಲಲಿ. ಅದರಲ್ಲಿ ಸೋತರೆ ಸೋತದ್ದು ಒಂದು ಚಿಕಿತ್ಸೆ, ಧರ್ಮವಲ್ಲ. ಪರ್ವದ ಉಪವಾಸವನ್ನು ಮಾಡಿದಾಗ ಯಂತ್ರವನ್ನು ಮಂಚದ ಕೆಳಗೆ ತಳ್ಳಿಬಿಡಲಿ. ಆ ದಿನ ಕೋಪವು ಎಷ್ಟು ಇಳಿಯಿತು, ನಾಲಗೆಯ ಚಾಪಲ್ಯವು ಎಷ್ಟು ಇಳಿಯಿತು, ಇದೇ ಅಂದಿನ ತೂಕ.

ಮೊಸಳೆಯಿಂದ ಬಹುದೂರವಲ್ಲದ ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಷ್ಟು ಹಳೆಯ ಶಾಸನಗಳಿವೆ. ಆಹಾರವನ್ನು ತ್ಯಜಿಸಿ ದೇಹವನ್ನು ಬಿಟ್ಟ ಮುನಿಗಳನ್ನೂ ಕಂತಿಯರನ್ನೂ ಅವು ಸ್ಮರಿಸುತ್ತವೆ. ಅಲ್ಲಿ ಮತ್ತೆಮತ್ತೆ ಬರುವ ಪದ ‘ನೋಂತು’ ಎಂಬುದು. ವ್ರತವನ್ನು ಪಾಲಿಸಿ ಎಂದು ಅದರ ಅರ್ಥ. ಇಂದಿಗೂ ಮನೆಮನೆಗಳಲ್ಲಿ ಆಚರಿಸುವ ‘ನೋಂಪಿ’ಯು ಅದೇ ಧಾತುವಿನಿಂದ ಬಂದುದು. ಹಸಿವನ್ನು ಹೇಳುವ ಪದವಲ್ಲ ಅದು, ಸಂಕಲ್ಪವನ್ನು ಹೇಳುವ ಪದ. ಆ ಪದವನ್ನು ಬಾಯಲ್ಲಿ ಆಡುವ ಮುನ್ನ ಗರ್ಭಗೃಹದಲ್ಲಿ ಏನಿದೆಯೆಂಬುದನ್ನು ಪ್ರತಿಯೊಬ್ಬನೂ ಬಾಗಿಲವರೆಗೆ ಹೋಗಿ ನೋಡಿಕೊಳ್ಳುವುದು ಒಳ್ಳೆಯದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಉಪವಾಸಕ್ಕೂ ಲಂಘನಕ್ಕೂ ಇರುವ ಭೇದವೇನು?
2. ಧಾರಣೆ ಮತ್ತು ಪಾರಣೆಗಳ ದಿನ ಏಕಭುಕ್ತವನ್ನು ಏಕೆ ವಿಧಿಸಿದೆ?
3. ಅವಮೋದರ್ಯವನ್ನು ನಿಮ್ಮ ಮನೆಯ ಊಟದಲ್ಲಿ ಹೇಗೆ ಆಚರಿಸಬಹುದು?
4. ನಿಮ್ಮ ಮನೆಯಲ್ಲಿ ಪರ್ವಕ್ಕೆ ಮೊದಲು ವೈದ್ಯರನ್ನು ಕೇಳಬೇಕಾದವರು ಯಾರು? ಕೇಳಿದ್ದೀರಾ?