ಊಟಕ್ಕೆ ಹೋಗಿ ಬಂದರೆ ಕಂಪ್ಯೂಟರ್ ಹ್ಯಾಂಗ್? ಮೊದಲು ಸ್ಕ್ರೀನ್‌ಸೇವರ್ ನೋಡಿ

‘ಸರ್ರ, ಕಂಪ್ಯೂಟರ್ ಮತ್ತ ನಿಂತೈತ್ರಿ. ಮುಂಜಾನಿಯಿಂದ ಪಟ್ಟಿ ಹೊಡದೇವಿ, ಏನೂ ಆಗಿಲ್ರಿ. ಊಟಕ್ಕ ಹೋಗಿ ಬರೂದ್ರಾಗ ಮೀನ ನಿಂತಬಿಟ್ಟಾವ್ರಿ!’

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಿಂದ ಹೀಗೆ ಫೋನು ಬಂದಿತ್ತು. ಗುರುವಾರ, ಅಂದರೆ ಟೆಂಡರ್ ದಿನ. ಪಟ್ಟಿಗಾಗಿ ರೈತರು ಕಟ್ಟೆಯ ಮೇಲೆ ಕಾಯುತ್ತಿದ್ದರು. ‘ಮೀನು’ ಎಂದರೆ ಪರದೆಯ ಮೇಲೆ ಈಜಾಡುವ ಅಕ್ವೇರಿಯಂ ಸ್ಕ್ರೀನ್‌ಸೇವರ್. ಅಷ್ಟರೊಳಗೆ ಅವರು ಎರಡು ಸಲ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದರು. ಎರಡೂ ಸಲ ಅಂಗಡಿಯ ಹುಡುಗ ಅದೇ ಪೆನ್‌ಡ್ರೈವ್‌ನಿಂದ ಅದೇ ಮೀನುಗಳನ್ನು ತಂದು ಬಿಟ್ಟಿದ್ದ.

ರಾಣೆಬೆನ್ನೂರಿನಲ್ಲಿ ಕುಳಿತು ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಇಂಥ ಕರೆ ಹೊಸದಲ್ಲ. ಕೆಲಸ ಮಾಡುವಾಗ ಸರಿಯಿದ್ದು, ಬಿಟ್ಟು ಎದ್ದುಹೋದಾಗ ಮಾತ್ರ ನಿಲ್ಲುವ ಕಂಪ್ಯೂಟರ್ ಕಂಡರೆ ನಾನು ವೈರಸ್ ಹುಡುಕುವುದಿಲ್ಲ. ಮೊದಲು ಕೇಳುವುದು, ‘ಸ್ಕ್ರೀನ್‌ಸೇವರ್ ಯಾವುದು ಹಾಕೀರಿ?’

ಕಾರಣ ಸರಳ. ಟ್ಯಾಲಿಯಲ್ಲಿ ಲೆಕ್ಕ ಬರೆಯುವಾಗ, ನುಡಿಯಲ್ಲಿ ಅರ್ಜಿ ಟೈಪ್ ಮಾಡುವಾಗ ಗ್ರಾಫಿಕ್ಸ್ ಚಿಪ್‌ಗೆ ಹೆಚ್ಚು ಕೆಲಸವಿಲ್ಲ. ನೀವು ಎದ್ದು ಹೋದಿರೋ, ಮೀನು, ಜಲಪಾತ, ತಿರುಗುವ 3ಡಿ ಅಕ್ಷರಗಳು ಶುರುವಾಗುತ್ತವೆ. ಪ್ರತಿ ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ಹೊಸದಾಗಿ ಬಿಡಿಸಬೇಕು. ದಿನವಿಡೀ ಸುಮ್ಮನಿದ್ದ ಭಾಗ ನೀವು ಸುಮ್ಮನಾದಾಗ ದುಡಿಯತೊಡಗುತ್ತದೆ. ಡ್ರೈವರ್ ಹಳೆಯದಿದ್ದರೆ, ಫ್ಯಾನಿನಲ್ಲಿ ಧೂಳು ಕೂತಿದ್ದರೆ, ಆ ದೋಷ ಹೊರಬೀಳುವುದು ಆಗಲೇ. ನಮ್ಮ ಕಡೆಯ ಅಂಗಡಿಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದೇ ಅಪರೂಪ. ಒಳಗೇ ಇರುವ ಗ್ರಾಫಿಕ್ಸ್ ತನ್ನ ಪಾಲನ್ನು ರ‍್ಯಾಮ್‌ನಿಂದಲೇ ಕಿತ್ತುಕೊಳ್ಳುತ್ತದೆ.

ಇದು ಹಳೆಯ ಕಥೆಯೇ. 1990ರ ದಶಕದಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ‘3ಡಿ ಪೈಪ್ಸ್’ ಹಲವರಿಗೆ ನೆನಪಿರಬಹುದು. ಪರದೆ ತುಂಬ ಬಣ್ಣಬಣ್ಣದ ಕೊಳವೆ ಹಬ್ಬುತ್ತಿದ್ದವಲ್ಲ, ಅದೇ. ಇಂಥ ಸ್ಕ್ರೀನ್‌ಸೇವರ್‌ಗಳು ಸರ್ವರ್‌ನ ವೇಗ ತಗ್ಗಿಸುತ್ತವೆ, ಅದರ ಮೇಲೆ ಓಡಿಸಬೇಡಿ ಎಂದು ಮೈಕ್ರೋಸಾಫ್ಟೇ ಹೇಳಿತ್ತು.

ಈಗ ನಿಂತಿದೆ, ಏನು ಮಾಡಲಿ?

ಪವರ್ ಬಟನ್‌ಗೆ ಕೈ ಹಾಕುವ ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹೊತ್ತಿ ಆರಿದರೆ ಕಂಪ್ಯೂಟರಿಗೆ ಜೀವವಿದೆ, ಸಿಕ್ಕಿಬಿದ್ದಿರುವುದು ಪರದೆಯ ವ್ಯವಹಾರ ಮಾತ್ರ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ಇದು ಗ್ರಾಫಿಕ್ಸ್ ಡ್ರೈವರ್ ಅನ್ನು ಮತ್ತೆ ಶುರುಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ, ‘ಬೀಪ್’ ಎಂದು ಮರಳಿ ಬರುತ್ತದೆ. ಬರಲಿಲ್ಲವೇ? ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಒಂದು ನಿಮಿಷ ತಾಳಿ. ಒಂದು ನಿಮಿಷ ಎಂದರೆ ಒಂದು ನಿಮಿಷ. ಸಿಟ್ಟಿಗೆದ್ದು ಹತ್ತು ಸಲ ಒತ್ತಿದರೆ ಏನೂ ಬೇಗ ಆಗುವುದಿಲ್ಲ.

ಕ್ಯಾಪ್ಸ್ ಲಾಕ್ ದೀಪವೂ ಅಲುಗದಿದ್ದರೆ ಬೇರೆ ದಾರಿಯಿಲ್ಲ. ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ. ಸೇವ್ ಮಾಡದ ಕಡತ ಹೋಗುತ್ತದೆ. ಊಟಕ್ಕೆ ಏಳುವ ಮೊದಲು ಸೇವ್ ಮಾಡುವ ರೂಢಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಎರಡು ದಿನದ ಪರೀಕ್ಷೆ

ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ‘ಸ್ಕ್ರೀನ್ ಸೇವರ್’ ಎಂದು ಟೈಪ್ ಮಾಡಿ. ‘ಚೇಂಜ್ ಸ್ಕ್ರೀನ್ ಸೇವರ್’ ಎಂಬುದು ಕಾಣುತ್ತದೆ. ವಿಂಡೋಸ್ 7 ಇದ್ದವರು ಡೆಸ್ಕ್‌ಟಾಪಿನ ಮೇಲೆ ಬಲ ಕ್ಲಿಕ್ ಮಾಡಿ ‘ಪರ್ಸನಲೈಸ್’ಗೆ ಹೋದರೆ ಕೆಳಗಿನ ಮೂಲೆಯಲ್ಲಿ ಸಿಗುತ್ತದೆ. ತೆರೆದ ಚಿಕ್ಕ ಪೆಟ್ಟಿಗೆಯಲ್ಲಿ ‘ನನ್’ ಆರಿಸಿ, ‘ಅಪ್ಲೈ’ ಒತ್ತಿ. ಎರಡು ದಿನ ಬೇರೆ ಏನನ್ನೂ ಮುಟ್ಟಬೇಡಿ. ಒಂದೇ ಸಲ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ದೇವರಿಗೂ ತಿಳಿಯದು.

ಎರಡು ದಿನ ಹ್ಯಾಂಗ್ ಆಗದಿದ್ದರೆ ಮೂರನೆಯ ದಿನ ‘ಬ್ಲ್ಯಾಂಕ್’ ಹಾಕಿ ನೋಡಿ. ಅದು ಬರಿಯ ಕಪ್ಪು ಪರದೆ, ಗ್ರಾಫಿಕ್ಸ್‌ಗೆ ಶ್ರಮವಿಲ್ಲ. ಅದರಲ್ಲೂ ತೊಂದರೆಯಿಲ್ಲ, ಮೀನು ಅಥವಾ 3ಡಿ ಅಕ್ಷರ ಹಾಕಿದ ಕೂಡಲೇ ನಿಲ್ಲುತ್ತದೆ ಎಂದಾದರೆ ಕಳ್ಳ ಸಿಕ್ಕಂತೆಯೇ.

‘ನನ್’ ಇಟ್ಟರೂ ನಿಲ್ಲುತ್ತಿದೆಯೇ? ಆಗ ಅನುಮಾನ ಸ್ಲೀಪ್ ಕಡೆಗೆ ಹೋಗಬೇಕು. ಹಾವೇರಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಯೊಂದರಲ್ಲಿ ನಾನೇ ಬೇಸ್ತುಬಿದ್ದಿದ್ದೇನೆ. ಸ್ಕ್ರೀನ್‌ಸೇವರ್ ತೆಗೆದು, ಡ್ರೈವರ್ ಬದಲಿಸಿ, ಅರ್ಧ ದಿನ ಕಳೆದ ಮೇಲೆ ಗೊತ್ತಾಯಿತು: ಕಂಪ್ಯೂಟರ್ ಅರ್ಧ ಗಂಟೆಗೆ ಸ್ಲೀಪ್‌ಗೆ ಹೋಗುತ್ತಿತ್ತು, ಏಳಲು ಬಾರದೆ ಒದ್ದಾಡುತ್ತಿತ್ತು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿದ್ದಷ್ಟೇ ಚಿಕಿತ್ಸೆ. ಮುಖ ಸಪ್ಪೆ ಮಾಡಿಕೊಂಡು ಬಸ್ ಹತ್ತಿದೆ.

ಇನ್ನೂ ಖಚಿತವಾಗಬೇಕಿದ್ದರೆ ಕಂಪ್ಯೂಟರೇ ಬರೆದಿಟ್ಟ ದಿನಚರಿ ಇದೆ. ಸ್ಟಾರ್ಟ್‌ನಲ್ಲಿ ‘ಇವೆಂಟ್ ವ್ಯೂವರ್’ ಹುಡುಕಿ ತೆರೆದು, ‘ವಿಂಡೋಸ್ ಲಾಗ್ಸ್’ ಒಳಗಿನ ‘ಸಿಸ್ಟಮ್’ ನೋಡಿ. ಹ್ಯಾಂಗ್ ಆದ ಸಮಯಕ್ಕೆ ‘ಡಿಸ್‌ಪ್ಲೇ’ ಹೆಸರಿನಲ್ಲಿ 4101 ಸಂಖ್ಯೆಯ ಎಚ್ಚರಿಕೆ ಇದ್ದರೆ ಗ್ರಾಫಿಕ್ಸ್ ಡ್ರೈವರ್ ತೊಡರಿ ಬಿದ್ದಿತ್ತು ಎಂದರ್ಥ. ವಿಸ್ತಾದಿಂದ ಈಚಿನ ವಿಂಡೋಸ್‌ಗಳು ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ಅದನ್ನು ತಾವೇ ಎಬ್ಬಿಸಲು ನೋಡುತ್ತವೆ. ಆ ಪ್ರಯತ್ನದ ದಾಖಲೆ ಇದು. ‘ಕರ್ನಲ್ ಪವರ್ 41’ ಎಂಬುದಷ್ಟೇ ಕಂಡರೆ ಅದು ನೀವು ಬಟನ್ ಒತ್ತಿ ಆರಿಸಿದ್ದರ ಅಥವಾ ಕರೆಂಟ್ ಹೋದದ್ದರ ಗುರುತು. ಅದರಿಂದ ಗಾಬರಿಯಾಗಬೇಕಿಲ್ಲ.

ಬ್ಯಾಡಗಿಯವರಿಗೆ: ಡಬ್ಬಿ ಬಿಚ್ಚಿ ನೋಡಿ

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ತಿರುಗಿದರೆ ಹಂಗಾಮಿನಲ್ಲಿ ಊರಿಗಿಂತ ಮೊದಲು ಘಾಟು ಎದುರಾಗುತ್ತದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಖಾರ ಕಡಿಮೆ ಎಂಬುದು ಅಡುಗೆಯವರ ಮಾತು. ಆ ದಲಾಲಿ ಅಂಗಡಿಯ ಸಿಪಿಯು ಬಿಚ್ಚಿದ ದಿನ ನಾನು ಅದನ್ನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಹೀಟ್‌ಸಿಂಕ್‌ನ ಎಸಳುಗಳ ನಡುವೆ ಕೆಂಪು ಪುಡಿ, ಚೀಲದ ನಾರು, ಎರಡು ಬೀಜ ಎಲ್ಲ ಸೇರಿ ಕಂಬಳಿಯಂತೆ ಕೂತಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಪಟ್ಟಿ ಹೊಡೆಯುವಾಗ ಸಾಕಾಗುತ್ತಿದ್ದ ತಂಪು, ಮೀನು ಈಜತೊಡಗಿದ ಮೇಲೆ ಸಾಲುತ್ತಿರಲಿಲ್ಲ.

ಸ್ವಚ್ಛ ಮಾಡುವ ಕ್ರಮ ಹೀಗೆ. ಪ್ಲಗ್ ಕಿತ್ತು, ಡಬ್ಬಿಯನ್ನು ಹೊರಗೆ ಬಯಲಿಗೆ ಒಯ್ಯಿರಿ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲೇಬೇಕು, ಇಲ್ಲದಿದ್ದರೆ ಆ ಪುಡಿ ನಿಮ್ಮನ್ನೇ ಹ್ಯಾಂಗ್ ಮಾಡುತ್ತದೆ. ಪಕ್ಕದ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು, ಬ್ಲೋವರ್‌ನಿಂದ ಸ್ವಲ್ಪ ದೂರದಿಂದ ಗಾಳಿ ಹೊಡೆಯಿರಿ. ರೆಕ್ಕೆ ಹಿಡಿಯದೆ ಗಿರಗಿರ ತಿರುಗಲು ಬಿಟ್ಟರೆ ಫ್ಯಾನು ಹಾಳಾಗಬಹುದು. ಒದ್ದೆ ಬಟ್ಟೆ ಬೇಡವೇ ಬೇಡ. ಹೀಟ್‌ಸಿಂಕ್ ಬಿಚ್ಚಿ ಥರ್ಮಲ್ ಪೇಸ್ಟ್ ಬದಲಿಸುವುದು ಅನುಭವವಿದ್ದವರ ಕೆಲಸ, ಮೆಕ್ಯಾನಿಕ್‌ಗೆ ಬಿಡಿ. ಆಮೇಲೆ ಸಿಪಿಯುವನ್ನು ಚೀಲಗಳ ಪಕ್ಕ ನೆಲದ ಮೇಲೆ ಇಡದೆ ಮೇಜಿನ ಮೇಲಕ್ಕೆ ಏರಿಸಿ, ಹಿಂಬದಿ ಗೋಡೆಗೆ ತಾಗದಂತೆ ಗೇಣು ಜಾಗ ಬಿಡಿ. ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಈ ಸೇವೆ ನಡೆಯಲಿ.

ಡ್ರೈವರ್ ಮತ್ತು ಪುಕ್ಕಟೆ ಜಲಪಾತ

ಧೂಳಿಲ್ಲದಿದ್ದರೂ ಹ್ಯಾಂಗ್ ಆಗುವುದಾದರೆ ಡ್ರೈವರ್ ನೋಡಿ. ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’, ಅದರಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ತೆರೆಯಿರಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಸರಿಯಾದ ಡ್ರೈವರ್ ಕೂತೇ ಇಲ್ಲ. ನಿಮ್ಮ ಕಂಪ್ಯೂಟರ್ ಕಂಪನಿಯ ಅಥವಾ ಇಂಟೆಲ್, ಎಎಂಡಿ, ಎನ್ವಿಡಿಯಾ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅಪ್‌ಡೇಟ್ ಆದ ಮರುದಿನದಿಂದ ಕಾಟ ಶುರುವಾಗಿದ್ದರೆ, ಅದೇ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್’ ಒತ್ತಿದರೆ ಹಳೆಯದು ಮರಳುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದೆ. ಅಷ್ಟು ಹಳೆಯ ಯಂತ್ರಕ್ಕೆ ಹೊಸ ಡ್ರೈವರ್ ಹುಡುಕುತ್ತ ಕೂರುವುದಕ್ಕಿಂತ 3ಡಿ ಚಂದವನ್ನು ಬಿಡುವುದೇ ಲೇಸು.

ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯೊಂದರಲ್ಲಿ ಬೇರೆಯದೇ ಪ್ರಸಂಗ. ಅಂತರ್ಜಾಲದಿಂದ ಪುಕ್ಕಟೆ ಜಲಪಾತದ ಸ್ಕ್ರೀನ್‌ಸೇವರ್ ಇಳಿಸಿದ್ದರು. ಜೊತೆಗೆ ಕರೆಯದ ಎರಡು ಪ್ರೋಗ್ರಾಂ ಒಳಹೊಕ್ಕು ಜಾಹೀರಾತು ತೋರಿಸುತ್ತಿದ್ದವು. ಫೋಟೊದ ಹಾಗೆ ಕಂಡರೂ ‘ಎಸ್‌ಸಿಆರ್’ ಎಂದು ಕೊನೆಯಾಗುವ ಸ್ಕ್ರೀನ್‌ಸೇವರ್ ಫೈಲು ಪೂರ್ತಿ ಒಂದು ಪ್ರೋಗ್ರಾಂ. ಬೇರೆ ಯಾವ ಪ್ರೋಗ್ರಾಂ ಮಾಡಬಲ್ಲ ಅನಾಹುತವನ್ನೂ ಅದು ಮಾಡಬಲ್ಲದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಒಮ್ಮೆ ಪೂರ್ತಿ ಸ್ಕ್ಯಾನ್ ಓಡಿಸಿ. ‘ಡ್ರೈವರ್ ನಾವೇ ಅಪ್‌ಡೇಟ್ ಮಾಡುತ್ತೇವೆ’ ಎನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳಿಗೂ ಇದೇ ಮಾತು.

ಸ್ಕ್ರೀನ್‌ಸೇವರ್ ಬೇಕೇ?

ಬೇಡ. ಹಿಂದಿನ ಡುಬ್ಬ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಪರದೆಯ ಒಳಲೇಪ ಸುಟ್ಟು ಕಲೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಚಿತ್ರ ಅಲುಗಾಡಬೇಕಿತ್ತು. ಈಗಿನ ಎಲ್‌ಸಿಡಿಗೆ ಆ ಭಯವಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಐದು ನಿಮಿಷಕ್ಕೆ ಪರದೆ ಆರುವಂತೆ ಮಾಡಿ, ಕರೆಂಟ್ ಬಿಲ್ಲೂ ಉಳಿಯುತ್ತದೆ. ಲೆಕ್ಕಪತ್ರ ಬೇರೆಯವರು ನೋಡಬಾರದೆಂದರೆ ಏಳುವಾಗ ವಿಂಡೋಸ್ ಕೀ ಜೊತೆ ‘ಎಲ್’ ಒತ್ತಿ ಲಾಕ್ ಮಾಡಿ. ಮರೆಯುವವರು ‘ಬ್ಲ್ಯಾಂಕ್’ ಸ್ಕ್ರೀನ್‌ಸೇವರ್ ಇಟ್ಟು, ಮರಳುವಾಗ ಪಾಸ್‌ವರ್ಡ್ ಕೇಳುವ ಗುರುತಿಗೆ ಟಿಕ್ ಹಾಕಲಿ. ಕಚೇರಿಯ ಕಂಪ್ಯೂಟರಿನಲ್ಲಿ ಈ ಪೆಟ್ಟಿಗೆಯೇ ಮಸುಕಾಗಿ ಬದಲಿಸಲು ಬಾರದಿದ್ದರೆ ಅದು ಕಚೇರಿಯವರ ನಿರ್ಬಂಧ, ಅಲ್ಲಿನ ತಾಂತ್ರಿಕ ಸಿಬ್ಬಂದಿಗೆ ತಿಳಿಸಿ.

ಇಷ್ಟಾಗಿಯೂ ನಿಂತರೆ ರಿಪೇರಿಗೆ ತನ್ನಿ. ಬರುವಾಗ ಒಂದು ಚೀಟಿಯಲ್ಲಿ ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತು ಬಿಟ್ಟಿದ್ದಿರಿ, ಪರದೆಯ ಮೇಲೆ ಏನಿತ್ತು ಎಂದು ಬರೆದು ತನ್ನಿ. ಆ ಚೀಟಿ ನೋಡದೆ ‘ಫಾರ್ಮ್ಯಾಟ್ ಮಾಡೋಣ’ ಎನ್ನುವ ಮೆಕ್ಯಾನಿಕ್‌ಗೆ ಕಂಪ್ಯೂಟರ್ ಕೊಡಬೇಡಿ, ಅವನು ನಾನೇ ಆಗಿದ್ದರೂ.